ಮೂವತ್ತೆರಡು ಥ್ರೆಡ್ಡು, ಒಂದೇ ಡಬ್ಬಿ

ದುಡಿಯುವ ಕೈ ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆಂಬುದು ಮನುಕುಲದ ಅನಾದಿ ನಂಬಿಕೆ. ಹಾಗೆ ನಂಬಿದವರು ಶ್ರಾದ್ಧದ ದಿನ ತಾಂಬರಂನ ನಮ್ಮ ಅಡುಗೆಮನೆಗೆ ಬಂದಿಲ್ಲ, ಅಷ್ಟೆ. ಮಡಿಯುಟ್ಟ ಮೂವರು ಸೊಸೆಯರು, ಮೂರು ಒಲೆ, ಕಾಳುಮೆಣಸಿನ ಪುಡಿಯ ಡಬ್ಬಿ ಮಾತ್ರ ಒಂದೇ. ಒಬ್ಬರು ಅದನ್ನು ಹಿಡಿದರೆ ಮಿಕ್ಕಿಬ್ಬರು ಸೌಟು ಹಿಡಿದು ನಿಂತಿರಬೇಕು.

ಈ ಜ್ಞಾನ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಉಪಯೋಗಕ್ಕೆ ಬಂದೀತೆಂದು ನಾನೇನೂ ಕನಸು ಕಂಡಿರಲಿಲ್ಲ. ಅಲ್ಲಿ ನಾವು ಒಂದು ವಿಮಾ ಕಂಪನಿಯ ಡೇಟಾಬೇಸ್ ನೋಡಿಕೊಳ್ಳುತ್ತೇವೆ. ಯಾವ ಶಾಖೆಯಲ್ಲಿ ಎಷ್ಟು ಪಾಲಿಸಿ ನಿಂತುಹೋಗಿವೆ ಎಂದು ಎಣಿಸುವ ಕ್ವೆರಿ ತೀರಾ ನಿಧಾನವಾಗಿತ್ತು. ಹಾಗಾಗಿ ಹೊಸ ಸರ್ವರ್ ಬಂತು: ಏಕಕಾಲಕ್ಕೆ ದುಡಿಯುವ ಮೂವತ್ತೆರಡು ಕೋರು, ಎಲ್ಲಕ್ಕೂ ಸೇರಿ ಒಂದೇ ಮೆಮೊರಿ. ಮ್ಯಾನೇಜರು ಕುಂಕುಮವಿಟ್ಟು ನಿಂಬೆಹಣ್ಣು ನಿವಾಳಿಸಿದರು. ಯಂತ್ರ ಆಕ್ಷೇಪಿಸಲಿಲ್ಲ.

ಎಣಿಸುವ ಭಾಗವನ್ನು ಕೋರಿಗೊಂದು ಥ್ರೆಡ್ಡಿನಂತೆ ಹಂಚಿ ಹೊಸದಾಗಿ ಬರೆಯುವ ಹೊಣೆ ಕ್ರೋಂಪೇಟೆಯ ಕನ್ನಡದ ಹುಡುಗಿಯದು. ಮರುದಿನ ಮೈಸೂರಿನಲ್ಲಿ ಅವಳ ತಮ್ಮನ ಉಪನಯನ. ಮಧ್ಯಾಹ್ನದ ರೈಲಿಗೆ ಟಿಕೆಟ್ ಆಗಿತ್ತು. "ರಿಪೋರ್ಟ್ ಬರಲಿ, ಆಮೇಲೆ ಹೊರಡಮ್ಮ," ಎಂದುಬಿಟ್ಟಿದ್ದರು ಮ್ಯಾನೇಜರು. ಬೆಳಿಗ್ಗೆ ಅವಳು ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ನಾಲ್ಕು ಥ್ರೆಡ್ ಬಿಟ್ಟಾಗಲೇ ವಾಸಿ. ಮೂವತ್ತೆರಡೂ ಬಿಟ್ರೆ ಇನ್ನೂ ಲೇಟು. ಎನ್ನ ಕೊಡುಮೆ ಸಾರ್ ಇದು, ಎಂಥಾ ಅನ್ಯಾಯ!"

"ಎಣಿಕೆ ಎಲ್ಲಿ ಬರೀತಿವೆ ಅವು?"

"ಎಲ್ಲಾ ಒಂದೇ ಟೇಬಲ್‌ನಲ್ಲಿ. ಮೆಮೊರಿ ಒಂದೇ ತಾನೆ?"

"ಲಾಕ್ ಹಾಕಿದೀಯಾ?"

"ಹಾಕ್ದೆ ಇರಕ್ಕಾಗುತ್ತಾ? ಕಣಕ್ಕು ತಪ್ಪಾ ಪೋಯಿಡುಂ, ಲೆಕ್ಕಾನೇ ತಪ್ಪೋಗುತ್ತೆ."

ಅಂದರೆ ಒಂದು ಥ್ರೆಡ್ ಬರೆಯುವಷ್ಟು ಹೊತ್ತು ಮಿಕ್ಕ ಮೂವತ್ತೊಂದು ಸೌಟು ಹಿಡಿದು ನಿಂತಿದ್ದವು. ಶ್ರಾದ್ಧದ ಅಡುಗೆಗೆ ನಮ್ಮ ಅತ್ತಿಗೆ ಕಂಡುಕೊಂಡ ಉಪಾಯ ಹೇಳಿದೆ: ಒಲೆ ಹಚ್ಚುವ ಮೊದಲೇ ಪುಡಿಯನ್ನು ಮೂರು ಬಟ್ಟಲಿಗೆ ಹಂಚುವುದು, ಉಳಿದದ್ದನ್ನು ಕೊನೆಗೆ ಡಬ್ಬಿಗೆ ಸುರಿಯುವುದು.

"ಮೆಣಸಿನ ಪುಡಿಯಾ ಸಾರ್? ಮ್ಯಾನೇಜರ್‌ಗೆ ಹಾಗೇ ಹೇಳ್ಲಾ?"

"ಲೋಕಲ್ ಅಗ್ರಿಗೇಶನ್ ಅಂತ ಹೇಳಮ್ಮ. ಅವರ ನಾಲಗೆಗೆ ಅದೇ ರುಚಿ."

ಅವಳು ಪ್ರತಿ ಥ್ರೆಡ್ಡಿಗೂ ಅದರದೇ ಒಂದು ಸಣ್ಣ ಟೇಬಲ್ ಕೊಟ್ಟು, ಎಣಿಕೆ ಮುಗಿದ ಮೇಲೆ ಎಲ್ಲವನ್ನೂ ಕೂಡಿಸಿದಳು. ಕ್ವೆರಿ ನಿಮಿಷದೊಳಗೆ ಮುಗಿಯಿತು. ಆದರೆ ಅದನ್ನು ಬರೆದು, ಹಳೆಯ ಉತ್ತರದೊಂದಿಗೆ ತಾಳೆ ನೋಡುವಷ್ಟರಲ್ಲಿ ಕ್ಯಾಂಟೀನಿನಲ್ಲಿ ರಸಂ ಖಾಲಿಯಾಗಿತ್ತು. ಮ್ಯಾನೇಜರು ನಿಂಬೆಹಣ್ಣಿನ ಮಹಿಮೆ ಕೊಂಡಾಡಿದರು.

ರೈಲು ತಪ್ಪಿತು. ಅವಳು ಸಂಜೆಯ ಬಸ್ಸು ಹಿಡಿದು, ಉಪನಯನದ ಮುಹೂರ್ತಕ್ಕೆ ಮುಂಚೆ ಮೈಸೂರು ತಲುಪಿದಳು.