ಸುಮ್ಮನೆ ಉಂಡು ಬಂದ ಮಧ್ಯಾಹ್ನ

ನೀಲವ್ವನ ಹಣ ಹೋಗಿದೆ ಎಂಬುದು ನನಗೆ ಗೊತ್ತು. ಒಂದೂವರೆ ವರ್ಷದಿಂದ ಗೊತ್ತು. ಆಕೆಗೆ ಇನ್ನೂ ಗೊತ್ತಿಲ್ಲ — ಆಕೆಯ ಫೋನಿನಲ್ಲಿ ಆ ಹಣ ಇವತ್ತಿಗೂ ಬೆಳೆಯುತ್ತಲೇ ಇದೆ. ಹೇಳಬೇಕಾಗಿದ್ದವನು ನಾನು; ಹೇಳಲಿಲ್ಲ. ಅಷ್ಟೇ ಆಗಿದ್ದರೆ ಮರೆತೆ, ತಡವಾಯಿತು ಎಂದಾದರೂ ಅನ್ನಬಹುದಿತ್ತು. ಅಷ್ಟೇ ಅಲ್ಲ. ಆಕೆ ಹಣ ಹಾಕಿದ್ದು ನನ್ನ ಮಾತು ಕೇಳಿ. ಆ ಮಾತನ್ನು ನಾನೇ ನಂಬಿರಲಿಲ್ಲ.

ನಾನು ಶಿರಸಿಯಲ್ಲಿ ಪ್ರೌಢಶಾಲೆಯ ಮಾಸ್ತರನಾಗಿದ್ದು ನಿವೃತ್ತನಾದವನು. ತಾಳಮದ್ದಲೆ ನನ್ನ ಹುಚ್ಚು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಲೆ ನುಡಿಯುತ್ತದೆ, ನಾವು ಅರ್ಥಧಾರಿಗಳು ಪಂಚೆ ಉಟ್ಟು ಎದುರುಬದುರು ಕುಳಿತು ಪಾತ್ರವಾಗಿ ವಾದಿಸುತ್ತೇವೆ. ಬರೆದುಕೊಂಡ ಮಾತಿಲ್ಲ, ಬಾಯಿಗೆ ಬಂದಿದ್ದೇ ಬಂಡವಾಳ. ಇವತ್ತು ಕೃಷ್ಣನಾದರೆ ನಾಳೆ ಕೌರವ. ಯಾವ ಪಾತ್ರ ಕೊಟ್ಟರೂ ಅದರ ಪಕ್ಷ ಬಿಡಬಾರದು, ಎದುರಿನವನಿಗೆ ಉತ್ತರ ಹೊಳೆಯದಂತೆ ಮಾಡಬೇಕು — ಅದೇ ಕಸುಬು. ನಮ್ಮ ಕಡೆಯ ಕೇಳುಗರಿಗೆ ಇದು ಚೆನ್ನಾಗಿ ಗೊತ್ತು. ಕೌರವನ ಮಾತಿಗೆ ತಲೆದೂಗುತ್ತಾರೆ, ಹಾಗೆಂದು ಯಾರೂ ಮನೆಗೆ ಹೋಗಿ ತಮ್ಮನ ಆಸ್ತಿ ನುಂಗುವುದಿಲ್ಲ.

ಎರಡು ವರ್ಷಗಳ ಹಿಂದೆ ಯಲ್ಲಾಪುರದಲ್ಲಿ ಒಂದು ಸಂಘದ ವಾರ್ಷಿಕೋತ್ಸವ. ಪುರಾಣದ ಪ್ರಸಂಗ ಸಾಕು, ಹೊಸದೇನಾದರೂ ಆಗಲಿ ಎಂದರು. ಭಾಗವತರು ತಮಾಷೆಗೆಂದೇ ಒಂದು ಪ್ರಸಂಗ ಹೊಸೆದರು — ಖಜಾನೆಯ ಒಡೆಯ ಕುಬೇರನಿಗೂ, ಕೈಗೆ ಸಿಗದ, ಕಣ್ಣಿಗೆ ಕಾಣದ ಡಿಜಿಟಲ್ ನಾಣ್ಯದ ಅರಸ ಅಂಕರಾಜನಿಗೂ ವಾದ. ಪಾತ್ರ ಹಂಚಲು ಚೀಟಿ ಎತ್ತಿದೆವು. ನನಗೆ ಕುಬೇರ ಬೇಕಿತ್ತು. ತಿಂಗಳಿಗೊಮ್ಮೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸದಿದ್ದರೆ ಸಮಾಧಾನವಿಲ್ಲದವನು ನಾನು. ಬಂದದ್ದು ಅಂಕರಾಜ. ಅಡ್ಡಿಲ್ಲ, ಕಷ್ಟದ ಪಕ್ಷವಾದಷ್ಟೂ ಗೆದ್ದಾಗ ಹೆಸರು ಹೆಚ್ಚು ಎಂದುಕೊಂಡೆ. ನಾಲ್ಕು ದಿನ ಪತ್ರಿಕೆ ಓದಿದೆ, ಫೋನಿನಲ್ಲಿ ವೀಡಿಯೊ ನೋಡಿದೆ, ಸಾಕಷ್ಟು ಸರಕು ಮಾಡಿಕೊಂಡೆ.

ಕುಬೇರನಾಗಿ ಕುಳಿತವನು ಸಿದ್ದಾಪುರದ ನಾರಾಯಣ. ಸಹಕಾರಿ ಸಂಘವೊಂದರಲ್ಲಿ ಜೀವಮಾನವಿಡೀ ಗುಮಾಸ್ತನಾಗಿದ್ದವನು. ಅವನಿಗೆ ಬಂದ ಪಾತ್ರ ಅವನ ಸ್ವಂತ ನಂಬಿಕೆಯೇ ಆಗಿತ್ತು. ಅದೇ ಅವನಿಗೆ ತೊಡಕಾಯಿತು. ನೋಟಿನ ಹಿಂದೆ ಒಂದು ಸರಕಾರವಿದೆ, ಠೇವಣಿಯ ಹಿಂದೆ ಒಂದು ಕಚೇರಿ ಇದೆ, ಹೆಚ್ಚುಕಡಿಮೆಯಾದರೆ ಹೋಗಿ ಕೇಳಲು ಒಬ್ಬ ಮನುಷ್ಯನಿದ್ದಾನೆ ಎಂದ. 'ನಿನ್ನ ನಾಣ್ಯ ಕಳೆದರೆ ಯಾರನ್ನು ಕೇಳಲಿ?' ಎಂದ. ನಾನು ತಡೆದು ತಡೆದು ನಕ್ಕೆ. 'ಕೇಳುವವನ ಮುಂದೆ ಕೈಕಟ್ಟಿ ನಿಲ್ಲುವ ಕಷ್ಟ ನಿನಗೇನು ಗೊತ್ತು ಕುಬೇರ? ನೀನು ಸದಾ ಕುರ್ಚಿಯ ಆ ಬದಿಯವನು. ನನ್ನ ರಾಜ್ಯದಲ್ಲಿ ಯಾರ ಸಹಿಯೂ ಬೇಡ, ಯಾರ ಶಿಫಾರಸೂ ಬೇಡ. ಬಡವಿಯ ಹಣಕ್ಕೆ ಬಡವಿಯೇ ಒಡತಿ.' ಚಪ್ಪಾಳೆ ನಿಲ್ಲಲಿಲ್ಲ. ನಾರಾಯಣ ಏನೋ ಹೇಳಹೋಗಿ ತೊದಲಿದ. ನಾನು ಗೆದ್ದೆ.

ಸಭೆಯ ಹಿಂದಿನ ಸಾಲಿನಲ್ಲಿ ನೀಲವ್ವ ಇದ್ದಳು. ಹುಬ್ಬಳ್ಳಿ ರಸ್ತೆಯಲ್ಲಿ ಆಕೆಯದೊಂದು ಖಾನಾವಳಿ. ಅವತ್ತಿನ ಊಟದ ಗುತ್ತಿಗೆಯೂ ಆಕೆಯದೇ. ಕಲಘಟಗಿ ಕಡೆಯವಳು, ಗಂಡನ ಜೊತೆ ಇಲ್ಲಿಗೆ ಬಂದವಳು. ಗಂಡ ಗೋವೆಗೆ ದುಡಿಯಲು ಹೋದವನು ತಿರುಗಿ ಬರಲಿಲ್ಲ. ಆಕೆ ಒಬ್ಬಳೇ ರೊಟ್ಟಿ ಬಡಿದು ಬಡಿದು ಖಾನಾವಳಿ ನಿಲ್ಲಿಸಿದಳು. ತಾಳಮದ್ದಲೆ ಎಂದರೇನೆಂದು ಆಕೆಗೆ ಗೊತ್ತಿರಲಿಲ್ಲ. ಅವತ್ತೇ ಮೊದಲ ಸಲ ಕೇಳಿದ್ದು.

ಒಂದು ವಾರ ಬಿಟ್ಟು ನಾನು ಯಲ್ಲಾಪುರಕ್ಕೆ ಹೋದಾಗ ಆಕೆಯ ಖಾನಾವಳಿಯಲ್ಲೇ ಊಟಕ್ಕೆ ಕೂತೆ. ಆಕೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮೇಜಿನ ಎದುರು ಕೂತಳು. ಸಭೆಯಲ್ಲಿದ್ದ ನನ್ನ ಹಳೆಯ ಶಿಷ್ಯನೊಬ್ಬ ಆಕೆಯನ್ನು ಕಂಡಿದ್ದನಂತೆ. ಹುಬ್ಬಳ್ಳಿಯಲ್ಲಿ ಅವನದೇನೋ ಕಚೇರಿ. ಫೋನಿನಲ್ಲಿ ಹಣ ಹಾಕಿದರೆ ಅದು ಡಿಜಿಟಲ್ ನಾಣ್ಯವಾಗುತ್ತದೆ, ಎರಡು ವರ್ಷ ಮುಟ್ಟಬಾರದು, ಆಮೇಲೆ ತೆಗೆದರೆ ಕೈತುಂಬ ಎಂದಿದ್ದನಂತೆ. ನನ್ನ ವಾದವನ್ನು ಅವನು ವೀಡಿಯೊ ಮಾಡಿ ಎಲ್ಲರಿಗೂ ಕಳಿಸಿದ್ದ. ನನಗೂ ಕಳಿಸಿದ್ದ. ಅದನ್ನು ನಾನು ಎಷ್ಟು ಸಲ ನೋಡಿಕೊಂಡಿದ್ದೆನೋ — ಹೇಳಲು ನಾಚಿಕೆ.

'ಈ ಕಟ್ಟಡ ಕೊಳ್ಳಬೇಕಂತ ನನಗ ಭಾಳ ಆಸೆ ಐತ್ರಿ ಮಾಸ್ತರ್ರ' ಎಂದಳು. 'ಸಾಲಕ್ಕಂತ ಬ್ಯಾಂಕಿಗೆ ಹೋದ್ರ ಗಂಡನ ಸಹಿ ತಗೊಂಡ ಬಾ ಅಂದ್ರು. ಗಂಡ ಎಲ್ಲಿದಾನ ಅಂತ ನನಗರ ಏನ ಗೊತ್ರಿ? ನೀವು ಅವತ್ತ ಅಂದ್ರಲ್ಲ, ಯಾರ ಸಹಿನೂ ಬ್ಯಾಡ ಅಂತ — ನನಗ ಅಳು ಬಂತ್ರಿ. ಆದ್ರ ಇಲ್ಲಿ ಮಂದಿ ಅಂತಾರ, ಅದು ಬರೇ ಪಾತ್ರದ ಮಾತು, ಹಚ್ಕೋಬ್ಯಾಡ ಅಂತ. ಹೌದೇನ್ರಿ?'

ಹೌದು ಎನ್ನಬೇಕಿತ್ತು. ಒಂದೇ ಶಬ್ದ. ಅಕ್ಕಪಕ್ಕದ ಮೇಜಿನವರು ಊಟ ನಿಲ್ಲಿಸಿ ನನ್ನತ್ತ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಅವತ್ತು ಚಪ್ಪಾಳೆ ತಟ್ಟಿದವರು. ನಾನು ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದೆ: 'ನಂಬದ್ದನ್ನು ನಾಲ್ಕು ಜನರ ಮುಂದೆ ಹೇಳುವವನಲ್ಲ ನಾನು, ನೀಲವ್ವ.'

ಆಕೆಯ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಆ ವಾರವೇ ಅರ್ಧ ಉಳಿತಾಯ ಹಾಕಿದಳು.

ಈ ನಾಣ್ಯದ ವಿಷಯದಲ್ಲಿ ಜನ ಯಾಕೆ ಇಷ್ಟು ಕಾದಾಡುತ್ತಾರೆ ಎಂದು ಆಗ ನನಗೆ ಅರ್ಥವಾಗಿರಲಿಲ್ಲ. ಬುದ್ಧಿವಂತರು ಬೇಡವೆನ್ನುತ್ತಾರೆ, ದಡ್ಡರು ಬೇಕೆನ್ನುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ನಾನು ಬ್ಯಾಂಕಿಗೆ ಹೋದರೆ 'ಬನ್ನಿ ಸರ್' ಎಂದು ಕುರ್ಚಿ ಎಳೆದು ಕೊಡುತ್ತಾರೆ. ಪೆನ್ಶನ್ ತಿಂಗಳ ಮೊದಲಿಗೇ ಬಂದು ಬೀಳುತ್ತದೆ. ನನಗೆ ಹಳೆಯ ಹಣದಿಂದ ಯಾವ ಅವಮಾನವೂ ಆಗಿಲ್ಲ. ಹಾಗಾಗಿ ಹೊಸ ಹಣ ನನಗೆ ಬಾಯಿಚಪಲಕ್ಕೊಂದು ವಿಷಯ. ನೀಲವ್ವ ಅದೇ ಬ್ಯಾಂಕಿನಲ್ಲಿ ನಿಂತುಕೊಂಡೇ ಮಾತಾಡಿ ಬಂದವಳು. ಯಾರ ಸಹಿಯೂ ಬೇಡ ಎಂದದ್ದು ಆಕೆಗೆ ಬಾಗಿಲು ತೆರೆದ ಹಾಗೆ ಕೇಳಿಸಿತು. ನಾನು ಆಡಿದ ಮಾತಿನಲ್ಲಿ ಸ್ವಲ್ಪ ನಿಜವಿತ್ತು, ಅದೇ ನನ್ನನ್ನು ಹೆಚ್ಚು ಹೆದರಿಸುತ್ತದೆ — ಪೂರ್ತಿ ಸುಳ್ಳಾಗಿದ್ದರೆ ಆಕೆ ನಂಬುತ್ತಿರಲಿಲ್ಲ.

ಆರು ತಿಂಗಳ ನಂತರ ನಾರಾಯಣನ ಫೋನು. 'ಮಾಸ್ತ್ರೇ, ಸೋತಿದ್ದಕ್ಕೆ ಎಂಗೆ ಬೇಜಾರಿಲ್ಲೆ. ಆದ್ರೆ ನಿನ್ನ ಶಿಷ್ಯನ ಹತ್ರ ಹಾಕಿದ ದುಡ್ಡು ವಾಪಸ್ ಬತ್ತಿಲ್ಲೆ ಹೇಳಿ ಕೇಳ್ದೆ. ನಿನ್ನ ಮಾತು ಕೇಳಿ ಯಾರಾದ್ರೂ ಹಾಕಿದ್ರೆ, ಹೋಗಿ ಹೇಳು.' ಶಿಷ್ಯನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ.

ವಿಳಾಸ ಹುಡುಕಿ ಮಾಳಿಗೆ ಹತ್ತಿದರೆ ಶಟರ್ ಎಳೆದಿತ್ತು. ಬೋರ್ಡು ಕಿತ್ತ ಜಾಗದಲ್ಲಿ ಮೊಳೆಯ ತೂತುಗಳು ಮಾತ್ರ ಇದ್ದವು. ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸದೆ ಹೇಳಿದ: 'ಖಾಲಿ ಮಾಡ್ಕೊಂಡು ಹೋಗ್ಯಾರ್ರಿ. ದಿನಾ ನಿಮ್ಮಂಥವರು ಇಬ್ಬರು ಮೂವರು ಬರ್ತಾರ. ಫೋನಿನ್ಯಾಗ ರೊಕ್ಕ ಕಾಣಸ್ತೈತಿ, ತಗೀಲಿಕ್ಕೆ ಬರೂದಿಲ್ಲ ಅಂತಾರ.' ಇನ್ನೂ ಹಾಕಿಸಿಕೊಳ್ಳುತ್ತಾರಾ ಎಂದು ಕೇಳಿದೆ. 'ಹಾಕಾಕ ಬರ್ತೈತ್ರಿ, ಅದಕ್ಕೇನ ಅಡ್ಡಿ ಇಲ್ಲ' ಎಂದು ದಾರ ಕತ್ತರಿಸಿದ. ನನ್ನ ಶಿಷ್ಯ ಮೋಸಗಾರ. ಅದರಿಂದ ಲೋಕದ ಎಲ್ಲ ಡಿಜಿಟಲ್ ನಾಣ್ಯವೂ ಮೋಸ ಎಂದಾಗುವುದಿಲ್ಲ — ಮೆಟ್ಟಿಲಿಳಿಯುವಾಗ ನನ್ನ ತಲೆ ಇಂಥ ವಾದವನ್ನು ತಾನಾಗಿಯೇ ಕಟ್ಟುತ್ತಿತ್ತು. ಅಲ್ಲಿಯೂ, ಆ ಹೊತ್ತಿನಲ್ಲೂ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮರಳುವಾಗ ಯಲ್ಲಾಪುರದ ಮೇಲೆ ಹೋಗುವ ಬಸ್ಸನ್ನೇ ಹಿಡಿದೆ. ಹೇಳಿಬಿಡಬೇಕೆಂದೇ ಹಿಡಿದೆ — ಇದು ಸತ್ಯ, ಇದನ್ನಾದರೂ ನಂಬಿ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಇಳಿದಾಗ ಊಟದ ಹೊತ್ತು ಮುಗಿಯುತ್ತ ಬಂದಿತ್ತು. ನೀಲವ್ವ ನನ್ನನ್ನು ಕಂಡದ್ದೇ ತಟ್ಟೆ ಹಾಕಿದಳು. ರೊಟ್ಟಿ, ಎಣ್ಣೆಗಾಯಿ, ಮೇಲೆ ಬೆಣ್ಣೆ.

'ಯಾಕ್ರಿ, ಮಾರಿ ಸಣ್ಣ ಆಗೇತಿ. ಬಸ್ಸಿನ್ಯಾಗ ತ್ರಾಸಾತೇನ್ರಿ?'

ಇಲ್ಲ ಎಂದೆ. ಆಕೆ ಎದುರು ಕೂತು ಫೋನು ತೋರಿಸಿದಳು. ಹಸಿರು ಅಕ್ಷರಗಳಲ್ಲಿ ಆಕೆಯ ಹಣ ಹೆಚ್ಚಾಗಿತ್ತು. ಕತ್ತು ಸವರಿಕೊಳ್ಳುತ್ತ ನಕ್ಕಳು. ಕತ್ತು ಬರಿದಾಗಿತ್ತು. 'ಅವ್ವ ಹಾಕಿದ ಬೋರಮಾಳ ಮಾರಿಬಿಟ್ಟೆ ನೋಡ್ರಿ. ಉಳಿದಿದ್ದೂ ಕೂಡಿಸಿ ನಾಳೆ ಹಾಕಿಬಿಡ್ತೀನಿ. ಕೊರಳಾಗ ಇದ್ದು ಅದೇನ ಮಾಡ್ತೈತಿ?'

ನಾಳೆ. ಅಂದರೆ ಇನ್ನೂ ಹಾಕಿರಲಿಲ್ಲ. ತಾಯಿ ಹಾಕಿದ ಸರದ ಹಣ ಇನ್ನೂ ಆಕೆಯ ಮನೆಯಲ್ಲೇ ಇತ್ತು. ನಾನು ಬಾಯಿ ತೆರೆದೆ. ಆಗ ಕೈ ತೊಳೆಯಲು ಎದ್ದ ಒಬ್ಬರು 'ಏನು ಅಂಕರಾಜರು ಈ ಕಡೆ' ಎಂದರು. ನಾಲ್ಕು ಜನ ನಕ್ಕರು. ಅಭಿಮಾನದ ನಗು ಅದು. ನಾನೂ ನಕ್ಕೆ. ಆಮೇಲೆ... ಆಮೇಲೆ ಏನೂ ಇಲ್ಲ. ರೊಟ್ಟಿ ಮುರಿದೆ. ಎಣ್ಣೆಗಾಯಿ ಚೆನ್ನಾಗಿದೆ ಎಂದೆ. 'ನಿಮ್ಮಿಂದ ರೊಕ್ಕ ತಗೊಂಡ್ರ ನನಗ ಒಳ್ಳೇದಾಗೂದಿಲ್ಲ' ಎಂದು ಆಕೆ ಊಟದ ಹಣವನ್ನೂ ತೆಗೆದುಕೊಳ್ಳಲಿಲ್ಲ. ನಾನು ಹೊರಟು ಬಂದೆ. ಮರುದಿನ ಆಕೆ ಹಾಕಿದಳು.

ಮೊದಲನೆಯದು ಜಂಬದಿಂದ ಆಡಿದ ಸುಳ್ಳು. ಅದಕ್ಕಾದರೂ ನಾಲಿಗೆ ಜಾರಿತು ಎನ್ನಬಹುದೇನೋ. ಎರಡನೆಯದಕ್ಕೆ ನನ್ನ ಬಳಿ ಯಾವ ಹೆಸರೂ ಇಲ್ಲ. ಗೊತ್ತಿದ್ದೂ ಉಂಡು ಎದ್ದು ಬಂದೆ.

ಅಂದಿನಿಂದ ಹೆದರಿಕೆ ನನ್ನ ಜೊತೆಗೇ ಇದೆ. ಅಪರಿಚಿತ ನಂಬರಿನ ಫೋನು ಬಂದರೆ ಎತ್ತುವುದಿಲ್ಲ. ಯಲ್ಲಾಪುರದ ಕೂಟಗಳಿಗೆ ಕರೆದರೆ ಮೈ ಹುಷಾರಿಲ್ಲ ಎನ್ನುತ್ತೇನೆ. ಅರಬೈಲಿನಲ್ಲಿ ನೆಂಟರ ಮದುವೆಯಿತ್ತು. ಯಲ್ಲಾಪುರ ದಾಟಿಯೇ ಹೋಗಬೇಕೆಂದು ಅದನ್ನೂ ತಪ್ಪಿಸಿದೆ. ಆ ವೀಡಿಯೊ ಇನ್ನೂ ಯಾರ್ಯಾರ ಫೋನಿನಲ್ಲಿದೆಯೋ, ಇನ್ನೆಷ್ಟು ಜನ ನೀಲವ್ವರು ಇದ್ದಾರೋ... ನನಗೆ ತಿಳಿಯದು, ತಿಳಿದುಕೊಳ್ಳಲು ಧೈರ್ಯವೂ ಇಲ್ಲ. 'ಎಂತ ಆಜು? ಫೋನು ಬಂದಕೂಡ್ಲೆ ಮುಖ ಬಿಳಿಚ್ತು' ಎಂದು ಹೆಂಡತಿ ಕೇಳಿದರೆ 'ಎಂತೂ ಇಲ್ಲೆ' ಎನ್ನುತ್ತೇನೆ. ಅವಳಿಗೂ ಹೇಳಿಲ್ಲ. ನಾರಾಯಣ ಒಮ್ಮೆ ಎದುರಿಗೆ ಸಿಕ್ಕಿ, 'ಹೇಳಿದ್ಯಾ?' ಎಂದ. ಹೇಳಿದೆ ಎಂದುಬಿಟ್ಟೆ. ಅದು ಮೂರನೆಯದು.

ನಿನ್ನೆ ನೀಲವ್ವನ ಫೋನು ಬಂತು. ಆಕೆಯ ದನಿಯಲ್ಲಿ ಹಬ್ಬವಿತ್ತು. ಎರಡು ವರ್ಷದ ಗಡುವು ಈ ತಿಂಗಳು ಮುಗಿಯುತ್ತದೆ. ಕಟ್ಟಡದ ಮಾಲೀಕರು ಕೊನೆಗೂ ಒಪ್ಪಿದ್ದಾರೆ. ಈ ಎರಡು ವರ್ಷ ಖಾನಾವಳಿಯಲ್ಲಿ ಹೊಸದಾಗಿ ಕೂಡಿಟ್ಟದ್ದನ್ನೆಲ್ಲ ಸೋಮವಾರ ಮುಂಗಡ ಕೊಡುತ್ತಾಳೆ. ಉಳಿದದ್ದನ್ನು ಒಂದು ತಿಂಗಳೊಳಗೆ ಆ ಫೋನಿನ ಹಣದಿಂದ ತೀರಿಸಬೇಕು. ತಪ್ಪಿದರೆ ಮುಂಗಡ ತಿರುಗಿ ಬರುವುದಿಲ್ಲ, ಖಾನಾವಳಿಯನ್ನೂ ಬಿಟ್ಟುಕೊಡಬೇಕು. ಇದನ್ನೆಲ್ಲ ಆಕೆ ನಗುನಗುತ್ತಲೇ ಹೇಳಿದಳು, ತಪ್ಪುವ ಮಾತೇ ಇಲ್ಲವೆಂಬಂತೆ.

'ಕರಾರ ಪತ್ರಕ್ಕ ಸಾಕ್ಷಿ ಬೇಕ್ರಿ. ನೀವ ಬರಬೇಕು ಮಾಸ್ತರ್ರ. ನಿಮ್ಮಿಂದನ ಇದೆಲ್ಲ ಆತು, ನಿಮ್ಮ ಸಹಿನ ಇರಲಿ.'

ಬರುತ್ತೇನೆ ಎಂದೆ. ಇವತ್ತು ಶನಿವಾರ. ಇದನ್ನು ಬರೆಯುತ್ತಿರುವುದು ಹಗುರಾಗಲೆಂದಲ್ಲ. ಬರೆದು ಇಟ್ಟರೆ ನಾಳೆ ಬೆಳಿಗ್ಗೆ ಮೈ ಹುಷಾರಿಲ್ಲ ಎನ್ನಲು ಆಗುವುದಿಲ್ಲ, ಅದಕ್ಕೆ. ಈಗಷ್ಟೇ ಹೆಂಡತಿಯನ್ನು ಕರೆದು ಇದನ್ನು ಓದಲು ಕೊಟ್ಟೆ. ಓದಿ ಮುಗಿಸಿ ನನ್ನ ಮುಖ ನೋಡಲಿಲ್ಲ. 'ಮೊದಲ ಬಸ್ಸು ಆರೂವರೆಗೆ' ಎಂದಷ್ಟೇ ಹೇಳಿ ಒಳಗೆ ಹೋದಳು.

ಮುಂಗಡವಾದರೂ ಉಳಿಯಲಿ. ಬೋರಮಾಳ ಉಳಿಯಲಿಲ್ಲ, ಅದನ್ನು ಉಳಿಸಬಹುದಾಗಿದ್ದ ಮಧ್ಯಾಹ್ನ ನನ್ನ ಕೈಯಲ್ಲೇ ಇತ್ತು. ನಾಳೆ ಊಟದ ಜನ ಬರುವ ಮೊದಲೇ ಅಲ್ಲಿರುತ್ತೇನೆ. ಆಕೆ ಕೂರಿ ಎನ್ನುತ್ತಾಳೆ, ಕೂರುವುದಿಲ್ಲ. ಚಹಾ ಎನ್ನುತ್ತಾಳೆ, ಕುಡಿಯುವುದಿಲ್ಲ. ನಾಲ್ಕೇ ವಾಕ್ಯ ಹೇಳಬೇಕು: ಹಣ ಹೋಗಿದೆ. ನನಗೆ ಗೊತ್ತಿತ್ತು. ಸರದ ಹಣ ಹಾಕುವ ಹಿಂದಿನ ದಿನವೂ ಗೊತ್ತಿತ್ತು. ಪೊಲೀಸರ ಬಳಿ ಹೋಗುವುದಾದರೆ ನನ್ನ ಹೆಸರನ್ನೂ ಬರೆಸು.

ಆಮೇಲೆ ಆಕೆ ಏನು ಮಾಡುತ್ತಾಳೋ ಗೊತ್ತಿಲ್ಲ. ಬೈದರೆ ತಡೆದುಕೊಂಡೇನು. ಒಂದು ಮಾತನ್ನೂ ಆಡದೆ ನನ್ನನ್ನೇ ನೋಡುತ್ತ ನಿಂತರೆ — ನನಗೆ ಭಯವಿರುವುದು ಅದರದ್ದೇ. ಆಗ ನನ್ನ ಬಾಯಿಗೆ ಮಾತು ಬರುತ್ತದೆ, ಒಳ್ಳೊಳ್ಳೆಯ ಮಾತೇ ಬರುತ್ತದೆ, ನನಗೆ ನನ್ನನ್ನು ಗೊತ್ತು. ಆಕೆ ಎಷ್ಟು ಹೊತ್ತು ಸುಮ್ಮನಿದ್ದರೂ ನಾನು ಮಾತಾಡಬಾರದು.