ಬಳೆ ಚೂರಿನ ಕಟ್ಟೆ

ಕೊರೊನಾ ಕಾಟ ಮುಗಿದು ಒಂದೆರಡು ವರ್ಷವಾಗಿತ್ತು. ಆಗ ನಾನು ಬೈಲಹೊಂಗಲದಲ್ಲಿ ಸಿವಿಲ್ ಎಂಜಿನಿಯರ್. ಈಗಲೂ ಅದೇ ಊರು, ಅದೇ ಕಸುಬು. ಅಲ್ಲಿಯವರೆಗೆ ನಾನು ಕಟ್ಟಿಸಿದ್ದೆಲ್ಲ ಚೌಕ ಮನೆಗಳೇ: ಮುಂದೆ ಹಾಲ್, ಆಗ್ನೇಯಕ್ಕೆ ಅಡುಗೆಮನೆ, ಈಶಾನ್ಯಕ್ಕೆ ದೇವರು. ನಕ್ಷೆ ನೋಡದೆಯೇ ಗೌಂಡಿಗಳು ಕಟ್ಟಿ ಮುಗಿಸುವಂಥವು. ಇಂಥ ನನ್ನ ಆಫೀಸಿಗೆ ಒಂದು ಮಧ್ಯಾಹ್ನ ಶಿವಲೀಲಾ ಬಂದು, ಮೊಬೈಲ್ ಮುಂದೆ ಹಿಡಿದು, "ಸರ, ನನಗ ಇಂಥಾ ಮನಿ ಬೇಕ್ರಿ" ಎಂದರು.

ಶಿವಲೀಲಾ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುವವರು. ಗಂಡ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡಾಗ ಇನ್ನು ಅಂಗಡಿಗೆ ಬೀಗ ಎಂದವರೇ ಎಲ್ಲ. ಅವರೆಲ್ಲರ ಬಾಯಿ ಮುಚ್ಚಿಸುವಂತೆ ಆಕೆ ವ್ಯಾಪಾರ ಬೆಳೆಸಿದ್ದರು. ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಬೀಜದ ಕಂಪನಿಯವರು ಪರದೇಶ ಸುತ್ತಿಸುತ್ತಾರಲ್ಲ, ಆ ಸಲ ಸ್ಪೇನ್ ದೇಶಕ್ಕೆ ಒಯ್ದಿದ್ದರಂತೆ. ಬಾರ್ಸಿಲೋನಾ ಊರಿನ ಫೋಟೊಗಳು ಅವು. ತೆರೆಯಂತೆ ಏರಿಳಿಯುವ ಗೋಡೆ, ಮೀನಿನ ಬೆನ್ನಿನಂಥ ಚಾವಣಿ, ಎಲುಬಿನಂಥ ಕಂಬ.

"ಒಂದೂ ನೆಟ್ಟಗಿಲ್ರಿ ಸರ, ಆದ್ರ ಎಲ್ಲಾ ಎಷ್ಟ ಛಂದ ನಿಂತಾವ ನೋಡ್ರಿ" ಎಂದು ನಕ್ಕರು.

ಅವರ ಕಣ್ಣು ನೆಟ್ಟದ್ದು ಒಂದು ಉದ್ಯಾನದ ಕಟ್ಟೆಯ ಮೇಲೆ. ಹಾವಿನಂತೆ ಹೊರಳಿದ ಉದ್ದನೆಯ ಕಟ್ಟೆ, ಅದರ ಮೈತುಂಬ ಬಣ್ಣದ ಚೂರು. ಈ ಕೆಲಸಕ್ಕೆ ಅಲ್ಲಿಯವರು ಟ್ರೆಂಕಾಡಿಸ್ ಎನ್ನುತ್ತಾರೆ. ಬಾಗಿದ ಮೈಗೆ ಇಡೀ ಟೈಲ್ಸ್ ಕೂರುವುದಿಲ್ಲ. ಅದಕ್ಕೇ ಟೈಲ್ಸ್, ಪಿಂಗಾಣಿ, ಗಾಜು ಒಡೆದು ಚೂರು ಜೋಡಿಸುವುದು.

"ಮನಿ ಸಣ್ಣದಾದ್ರೂ ನಡೀತೈತ್ರಿ. ಬಾಗಲಾ ಮುಂದ ಈ ಕಟ್ಟಿ ಮಾತ್ರ ಆಗಬೇಕು" ಎಂದರು ಶಿವಲೀಲಾ. "ನಮ್ಮವರು ಹೋದ ಮ್ಯಾಲೆ ಓಣ್ಯಾಗ ಯಾರೂ ನನ್ನ ಒಂದು ಬಸುರಿ ಕುಬಸಕ್ಕ ಕರೀಲಿಲ್ಲ, ತೊಟ್ಟಿಲಕ್ಕ ಕರೀಲಿಲ್ಲ. ಕರೀದಿದ್ರ ಬಿಡ್ಲಿ, ನಾನ ಕರೀತೇನಿ. ಸಂಜೀಮುಂದ ನಾಕ ಮಂದಿ ಹೆಣಮಕ್ಕಳು ಬಂದು ನಮ್ಮ ಕಟ್ಟಿಮ್ಯಾಲೆ ಕುಂಡ್ರಬೇಕ್ರಿ."

ನನಗಂತೂ ಹುಚ್ಚೇ ಹಿಡಿಯಿತು. ಜೀವಮಾನದಲ್ಲಿ ಒಂದು ಸಲವಾದರೂ ಸೊಟ್ಟ ಗೆರೆ ಎಳೆಯಲು ಸಿಕ್ಕಿತಲ್ಲ ಎಂದು! ಬಾಗಿದ ಬಾಲ್ಕನಿಗೆ ಫೆರೋಸಿಮೆಂಟ್ ಬಳಸಿದೆ. ಅಂದರೆ ಕಬ್ಬಿಣದ ಜಾಳಿಗೆಯ ಮೇಲೆ ಸಿಮೆಂಟ್ ಗಾರೆಯ ತೆಳುವಾದ ಪದರು. ಗೋಡೆ ಎದ್ದಿತು, ಕಟ್ಟೆಯೂ ಹೊರಳಿತು. ತೊಂದರೆಯಾದದ್ದು ಬಣ್ಣಕ್ಕೆ. ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ಸುತ್ತಿದರೂ ಸಿಕ್ಕಿದ್ದು ಬೂದಿ ಬಣ್ಣದ ಟೈಲ್ಸು, ಗೋದಿ ಬಣ್ಣದ ಟೈಲ್ಸು. ಅದನ್ನು ಒಡೆದು ಜೋಡಿಸಿದರೆ ಕಟ್ಟೆ ಕಜ್ಜಿ ಹತ್ತಿದಂತೆ ಕಾಣುತ್ತಿತ್ತು.

ಹೀಗಿರುವಾಗ ಸವದತ್ತಿಯ ಕೆಲಸ ಮುಗಿಸಿ ಉಗರಗೋಳದ ಮೇಲೆ ಬರುತ್ತಿದ್ದೆ. ಅಲ್ಲೊಂದು ಗುಜರಿ ಅಂಗಡಿಯ ಮುಂದೆ ಬಾಯಿ ಬಿಚ್ಚಿದ ಚೀಲಗಳು. ಒಳಗೆ ಹಸಿರು, ಕೆಂಪು, ಹಳದಿ ಗಾಜಿನ ಬಳೆ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಎಲ್ಲಿಯವು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸ್ತಿಲ ಹುಣ್ಣಿಮೆಗೆ ಯಲ್ಲಮ್ಮ ವಿಧವೆಯಾಗುತ್ತಾಳೆಂದು ಪಕ್ಕದ ಯಲ್ಲಮ್ಮನ ಗುಡ್ಡದಲ್ಲಿ ಹೆಂಗಸರು ಕೈಬಳೆ ಒಡೆದುಕೊಳ್ಳುತ್ತಾರೆ. ಮುಂದೆ ಭಾರತ ಹುಣ್ಣಿಮೆಗೆ ತಾಯಿ ಮತ್ತೆ ಮುತ್ತೈದೆ, ಆಗ ಹೊಸ ಬಳೆ. ಒಡೆದ ಚೂರನ್ನು ಅಪಶಕುನವೆಂದು ಯಾರೂ ಮನೆಗೆ ತರುವುದಿಲ್ಲ.

ಗೊತ್ತಿದ್ದೂ ಚೀಲಗಳನ್ನು ಗಾಡಿಗೆ ಹಾಕಿಸಿಕೊಂಡೆ. ಶಿವಲೀಲಾ ಅವರನ್ನು ಒಂದು ಮಾತು ಕೇಳಬೇಕು ಅನಿಸಿರಲಿಲ್ಲವೇ? ಅನಿಸಿತ್ತು. ಫೋನು ಕೈಗೂ ತೆಗೆದುಕೊಂಡಿದ್ದೆ. ಕೇಳಿದರೆ ಎಲ್ಲಿ ಬೇಡ ಅಂದುಬಿಡುತ್ತಾರೋ ಎಂದು ಜೇಬಿಗಿಳಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ! ಆ ಬಣ್ಣವನ್ನು ಕೈಬಿಡಲು ನನಗೆ ಮನಸ್ಸಿರಲಿಲ್ಲ, ಅಷ್ಟೇ. ಕಟ್ಟೆಗೆ ತಾಡಪತ್ರಿ ಮುಚ್ಚಿ, ನಿಮಗೊಂದು ಸರ್‌ಪ್ರೈಸ್ ಎಂದು ಹೇಳಿ, ಚೂರುಗಳನ್ನು ಜೋಡಿಸಿ, ಕೈಗೆ ಚುಚ್ಚದಂತೆ ಮೇಲೆ ಎಪಾಕ್ಸಿಯ ಗಾಜಿನಂಥ ಲೇಪ ಕೊಡಿಸಿದೆ.

ಗೃಹಪ್ರವೇಶದ ದಿನ ತಾಡಪತ್ರಿ ಎಳೆದೆವು. ಶಿವಲೀಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, "ಅಯ್ಯ ಸರ, ಅಲ್ಲೀಕಿಂತ ಛಂದ ಆಗೇತ್ರಿ!" ಎಂದರು. ಓಣಿಯ ಹೆಂಗಸರು ನೋಡಲು ಬಂದವರು ಅಲ್ಲೇ ಕುಳಿತರು. ಕಟ್ಟೆ ತುಂಬಿತು. ಉಗರಗೋಳದಿಂದ ಬಂದಿದ್ದ ಶಿವಲೀಲಾ ಅವರ ಗಂಡನ ಅಕ್ಕ ಗಂಗವ್ವ ನಡುವೆ ಕೂತು ಕೈಯಾಡಿಸುತ್ತ ನನ್ನನ್ನು ಕೇಳಿದರು: "ಭಾರೀ ಮಾಡೀರಿ ಬಿಡ್ರಿ. ಇಷ್ಟೊಂದ ಬಳಿ ಚೂರು ಎಲ್ಲಿ ಸಿಕ್ಕೂವ್ರಿ ನಿಮಗ?"

ಬೆಳಗಿನಿಂದ ಹೊಗಳಿಸಿಕೊಂಡು ಉಬ್ಬಿದ್ದೆ. "ನಿಮ್ಮೂರಾಗನ ರೀ ಯವ್ವಾ! ಗುಡ್ಡದ್ದು, ಹೊಸ್ತಿಲ ಹುಣ್ಣಿವೀದು" ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಗವ್ವ ಕೆಂಡ ಮುಟ್ಟಿದವರಂತೆ ಎದ್ದು ಸೀರೆ ಕೊಡವಿಕೊಂಡರು. ಪಕ್ಕದಾಕೆ ಎದ್ದಳು. "ಊಟಕ್ಕ ಹೊತ್ತಾತ್ರಿ" ಎನ್ನುತ್ತ ಉಳಿದವರೂ ಎದ್ದರು. ಜಗಳವಿಲ್ಲ, ಬೈಗುಳವಿಲ್ಲ. ಎಲ್ಲರೂ ಹೋಳಿಗೆ ಉಂಡರು, ಹೋಗುವಾಗ ಕಟ್ಟೆಗೆ ಸೆರಗೂ ತಾಗದಂತೆ ದೂರ ಸರಿದು ಹೋದರು. ಶಿವಲೀಲಾ ಪಾನಕದ ಗ್ಲಾಸುಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದರು. ನನ್ನ ಕಡೆ ನೋಡಲೇ ಇಲ್ಲ.

ಆಮೇಲೆ ಆ ಕಟ್ಟೆಯ ಮೇಲೆ ಓಣಿಯವರು ಯಾರೂ ಕೂರಲಿಲ್ಲ. ಕೆಲವು ವಾರ ಬಿಟ್ಟು ಗೌಂಡಿಯನ್ನು ಕರೆದುಕೊಂಡು ಹೋದೆ. "ಅಕ್ಕಾರ, ತಪ್ಪಾತ್ರಿ. ನನ್ನ ಖರ್ಚಿನ್ಯಾಗ ಎಲ್ಲಾ ಕೆತ್ತಿಸಿ ಬ್ಯಾರೆ ಟೈಲ್ಸ್ ಹಾಕಸ್ತೇನಿ" ಎಂದೆ.

ಶಿವಲೀಲಾ ಕಟ್ಟೆಯ ಚೂರುಗಳ ಮೇಲೆ ಕೈಯಾಡಿಸಿದರು. "ನಮ್ಮವರು ಹೋದ ದಿನ ನನ್ನ ಕೈಯಾನ ಬಳಿ ಒಡಿಯೂ ಮುಂದ ಯಾರೂ ನನ್ನ ಕೇಳಲಿಲ್ರಿ ಸರ. ನೀವೂ ಕೇಳಲಿಲ್ಲ" ಎಂದರು. ಸಿಟ್ಟಿನಿಂದಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಈಗರ ಕೇಳಾಕ ಬಂದೀರಲ್ಲ, ಹೇಳತೇನಿ. ಕೆತ್ತೂದು ಬ್ಯಾಡ. ಯಾರ್ಯಾರ ಕೈಯಾನ ಬಳಿನೋ ಏನೋ. ಎರಡನೇ ಸಲ ಒಡಿಯೂದು ಬ್ಯಾಡ್ರಿ."

ಗೌಂಡಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ.

ಆ ಕಟ್ಟೆ ಇವತ್ತೂ ಇದೆ. ಧಾರವಾಡ, ಬೆಳಗಾವಿಯಿಂದ ಬಂದವರು ಫೋಟೊ ತೆಗೆದು ಮೊಬೈಲಿನಲ್ಲಿ ಹಂಚುತ್ತಾರೆ. ಅದನ್ನು ನೋಡಿಯೇ ನನಗೆ ಹೊಸ ಕೆಲಸಗಳು ಬಂದಿವೆ. ನನಗೆ ಹೆಸರು ಬಂತು, ಶಿವಲೀಲಾ ಅವರಿಗೆ ಪಕ್ಕದ ಮನೆಯಾಕೆಯೂ ಬರಲಿಲ್ಲ. ಈಗ ಹೊಸ ಹುಡುಗರು ನನ್ನ ಕೈಕೆಳಗೆ ಕಲಿಯಲು ಬಂದರೆ ಸಿಮೆಂಟು-ಕಬ್ಬಿಣಕ್ಕೂ ಮೊದಲು ಇದನ್ನು ಹೇಳುತ್ತೇನೆ: ಮನೆಯವರನ್ನು ಕೇಳಿದರೆ ಬೇಡ ಅಂದಾರು ಎಂದು ಯಾವ ಮಾತಿಗೆ ನಾಲಿಗೆ ಹಿಂಜರಿಯುತ್ತದೆಯೋ, ಅದನ್ನೇ ಮೊದಲು ಕೇಳಬೇಕು.