ನೀರು ಕುಡಿದ ದೋಣಿ

ಬದನೆಕಾಯಿ ಕೊಳ್ಳುವಾಗ ನಾನು ಅದರ ಬಣ್ಣವನ್ನು ನೋಡುತ್ತೇನೆ; ನನ್ನ ಹೆಂಡತಿ ಕಮಲಾ ಅದರ ತೊಟ್ಟನ್ನು ನೋಡುತ್ತಾಳೆ. ಮದುವೆಯಾಗಿ ಇಷ್ಟು ವರ್ಷಗಳಾದರೂ ನಮ್ಮಿಬ್ಬರ ಸೌಂದರ್ಯಮೀಮಾಂಸೆಯ ಈ ಭೇದ ಬಗೆಹರಿದಿಲ್ಲ. ನಾನು ಆರಿಸಿ ತಂದ ಕಾಯಿಗಳಲ್ಲಿ ಅರ್ಧದಷ್ಟನ್ನು ಹುಳುಗಳು ನನಗಿಂತ ಮೊದಲೇ ಆರಿಸಿಕೊಂಡಿರುತ್ತವೆ. ಇಂಥವನನ್ನು ಒಂದು ಕಾರ್ಖಾನೆ ತನ್ನ ಖರೀದಿ ವಿಭಾಗದಲ್ಲಿ ನಿವೃತ್ತಿಯವರೆಗೂ ಇಟ್ಟುಕೊಂಡಿತ್ತೆಂದರೆ ನೀವು ನಗಬಹುದು; ಧಾರಾಳವಾಗಿ ನಗಿ. ಆದರೆ ಒಮ್ಮೆ, ಬದನೆಕಾಯಿಗಿಂತ ಬಹಳ ದೊಡ್ಡದಾದ ಎರಡು ವಸ್ತುಗಳಲ್ಲಿ ಒಂದನ್ನು ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ಆ ಸಂಗತಿಯನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಪಾತ್ರ ಅತ್ಯಲ್ಪ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ವಿಜಾಪುರದ ಕಡೆಯಿಂದ ಬಂದ ನಾನು ಯಲಹಂಕದ ಬಳಿಯ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ನೌಕರರ ಮನರಂಜನಾ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದೆ. ಸಂಘದ ಅಧ್ಯಕ್ಷರು ರಾಮಸ್ವಾಮಿ ಎಂಬ ಮ್ಯಾನೇಜರು. ಅವರು ಒಂದು ಬೇಸಗೆಯಲ್ಲಿ ಊಟಿಗೆ ಹೋಗಿ, ಅಲ್ಲಿನ ಸರೋವರದಲ್ಲಿ ಮೋಟಾರು ಬೋಟಿನಲ್ಲಿ ಸುತ್ತಿ, ತಲೆಯ ತುಂಬ ಅಲೆಗಳನ್ನು ತುಂಬಿಕೊಂಡು ಮರಳಿದರು.

"ಯಾಕ್ರೀ, ನಮ್ಮ ಜಕ್ಕೂರು ಕೆರೇಲಿ ನೀರಿಲ್ವಾ?" ಎಂದು ಸಮಿತಿಯ ಸಭೆಯಲ್ಲಿ ಕೇಳಿದರು. "ಈ ಸಲ ವಾರ್ಷಿಕೋತ್ಸವಕ್ಕೆ ನಮ್ಮ ನೌಕರರ ಮಕ್ಕಳೆಲ್ಲ ಬೋಟಲ್ಲಿ ಸುತ್ತಬೇಕು. ಬಸವರಾಜ್, ನಿಮ್ಮ ಮಾವನವರದು ಏನೋ ವಾಟರ್ ಟ್ರಾನ್ಸ್‌ಪೋರ್ಟ್ ಅಂತಿದ್ರಲ್ಲ? ಆರಿಸೋ ಕೆಲಸ ನಿಮ್ದು."

ಇಲ್ಲಿ ನನ್ನದೊಂದು ಅಪರಾಧವನ್ನು ಒಪ್ಪಿಕೊಳ್ಳಬೇಕು. ನನ್ನ ಮಾವ ಕೃಷ್ಣಾ ತೀರದ ಒಂದು ಹಳ್ಳಿಯಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ಅಂಬಿಗರಾಗಿದ್ದರು. ಕಮಲಾ ಅವರ ದೋಣಿಯಲ್ಲೇ ಆಡಿ ಬೆಳೆದವಳು. ಆದರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಬ್ಬರ ಮಾವ ತಹಶೀಲ್ದಾರರು, ಇನ್ನೊಬ್ಬರ ಮಾವ ವಕೀಲರು ಎಂಬ ಮಾತು ನಡೆದಾಗ ನನ್ನ ನಾಲಿಗೆ ಹಿಂಜರಿದಿತ್ತು. 'ನಮ್ಮ ಮಾವನವರದು ಜಲಸಾರಿಗೆ' ಎಂದುಬಿಟ್ಟಿದ್ದೆ. ಸುಳ್ಳಲ್ಲ, ಸತ್ಯಕ್ಕೆ ಇಸ್ತ್ರಿ ಹಾಕಿದ್ದೆ, ಅಷ್ಟೆ. ಆ ಇಸ್ತ್ರಿಯ ಬಿಸಿ ಈಗ ನನಗೇ ತಾಗಿತು. ನೀರೆಂದರೆ ಕೊಡದಲ್ಲಿ ಮಾತ್ರ ನಂಬಿಗಸ್ತವೆಂದು ತಿಳಿದ ಬಯಲುಸೀಮೆಯವನು ನಾನು. ಈಜು ಬಾರದು, ದೋಣಿ ಹತ್ತಿದವನೂ ಅಲ್ಲ.

ಹೊಸ ಬೋಟು ಕೊಳ್ಳುವ ಶಕ್ತಿ ಸಂಘಕ್ಕಿರಲಿಲ್ಲ. ವಿಚಾರಿಸಿದಾಗ ಬಳಸಿದ ಎರಡು ಬೋಟುಗಳು ಮಾರಾಟಕ್ಕಿರುವ ಸುದ್ದಿ ಸಿಕ್ಕಿತು. ಒಂದು ಆರ್.ಟಿ. ನಗರದಲ್ಲಿ, ಮದರಾಸು ಬಂದರಿನ ನೌಕರಿಯಿಂದ ನಿವೃತ್ತರಾದ ಜಯರಾಮಯ್ಯನವರ ಮನೆಯಂಗಳದಲ್ಲಿ. ಇನ್ನೊಂದು ಯಶವಂತಪುರದ ಒಂದು ಮರದ ಡಿಪೋದಲ್ಲಿ. ಅದು ಯಾವುದೋ ಅಣೆಕಟ್ಟಿನ ಹಿನ್ನೀರಿನಲ್ಲಿ ಎಂಜಿನಿಯರುಗಳ ವಿಹಾರಕ್ಕೆ ಓಡಾಡಿದ್ದಂತೆ.

ಒಂದು ಭಾನುವಾರ ಕಮಲಾಳನ್ನು ಕರೆದುಕೊಂಡು ಎರಡನ್ನೂ ನೋಡಲು ಹೊರಟೆ. ಜಯರಾಮಯ್ಯನವರ ಬೋಟನ್ನು ಕಂಡ ಕೂಡಲೇ ನನ್ನ ಹೃದಯ ಅದರ ಪಾಲಾಯಿತು. ಹಾಲುಬಿಳುಪಿನ ಫೈಬರ್ ಮೈ, ಪಕ್ಕಕ್ಕೊಂದು ಕೆಂಪು ಗೆರೆ, ಕಾರಿನಂಥ ಸ್ಟೀರಿಂಗು, ಮೆತ್ತನೆಯ ಸೀಟು. ಒತ್ತಿದರೆ ಬೀದಿಯ ನಾಯಿಗಳೆಲ್ಲ ಉತ್ತರಿಸುವಂಥ ಹಾರನ್ನು. ನಾನು ಸ್ಟೀರಿಂಗ್ ಹಿಡಿದು ಕುಳಿತು ಆರ್.ಟಿ. ನಗರದ ನೆಲದ ಮೇಲೆಯೇ ಒಂದು ಸುತ್ತು ಜಲವಿಹಾರ ಮುಗಿಸಿದೆ.

ಕಮಲಾ ಬೋಟಿನ ಹಿಂಭಾಗಕ್ಕೆ ಹೋಗಿ, ಎಂಜಿನ್ ತೂಗುಹಾಕಿದ್ದ ಹಲಗೆಯನ್ನು ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ಬಡಿದಳು. ಕಿವಿಗೊಟ್ಟಳು. ಮತ್ತೆ ಬಡಿದಳು. ಆಮೇಲೆ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಬಿಚ್ಚಿ, ಬಣ್ಣ ಬಿರಿದಿದ್ದ ಒಂದು ಕಡೆ ಒತ್ತಿದಳು. ಬೇಯಿಸಿದ ಗೆಣಸಿನೊಳಕ್ಕೆ ಹೋದಂತೆ ಪಿನ್ನು ಪೂರ್ತಿ ಒಳಗೆ ಹೋಯಿತು.

"ಮ್ಯಾಲೆ ಬಣ್ಣ ಐತ್ರಿ, ಒಳಗ ಹಲಗಿ ಕೊಳತೈತಿ," ಎಂದಳು. "ಎಂಜಿನ್ನಿನ ಭಾರ ಎಲ್ಲಾ ಇದರ ಮ್ಯಾಲೆ. ನಡುನೀರಾಗ ಮುರದ್ರ?"

ಜಯರಾಮಯ್ಯನವರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ತಾವೇ ಪಿನ್ನು ತೆಗೆದುಕೊಂಡು ಇನ್ನೂ ಎರಡು ಕಡೆ ಚುಚ್ಚಿದರು. ಅವರ ಮುಖ ಸಣ್ಣದಾಯಿತು. "ಹೋದ ವರ್ಷ ನನ್ನ ಮೊಮ್ಮಕ್ಕಳನ್ನ ಇದರಲ್ಲೇ ಕೂರಿಸಿಕೊಂಡು ಹೋಗಿದ್ದೆ ಕಣಮ್ಮ," ಎಂದರು. ಬಳಿಕ ನನ್ನ ಕಡೆ ತಿರುಗಿ, "ನಾನು ಇದನ್ನ ಮಾರಲ್ಲ. ನಿಮಗೂ ಇಲ್ಲ, ಯಾರಿಗೂ ಇಲ್ಲ," ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದರು. ಹೊಳಪಿಗೂ ಹೊಳೆಗೂ ನಂಟಿರುವುದು ಅಕ್ಷರಗಳಲ್ಲಿ ಮಾತ್ರ ಎಂದು ನನಗೆ ಅರಿವಾದದ್ದು ಆ ಕಾಫಿ ಕುಡಿಯುವಾಗ.

ಯಶವಂತಪುರದ ಬೋಟು ಮರದ್ದು. ಹಸಿರು ಬಣ್ಣ ಸಿಪ್ಪೆಸಿಪ್ಪೆಯಾಗಿ ಎದ್ದಿತ್ತು. ಸೀಟುಗಳೆಂದರೆ ಬರೀ ಹಲಗೆ. ಹಿಂದೆ ಒಂದು ಹಳೆಯ ಎಂಜಿನ್ನು. ಹಾರನ್ನಿನ ಜಾಗದಲ್ಲಿ ಒಂದು ತೂತು. ಅಣೆಕಟ್ಟಿನ ಕೆಲಸ ಮುಗಿದಂದಿನಿಂದ ಅದು ಆ ಶೆಡ್ಡಿನ ಧೂಳಿನಲ್ಲೇ ಮಲಗಿತ್ತು. ಕಮಲಾ ಸೆರಗು ಸಿಕ್ಕಿಸಿಕೊಂಡು ಅದರ ಕೆಳಗೆ ನುಸುಳಿದಳು, ಬಡಿದಳು, ಚುಚ್ಚಿದಳು, ತಳದ ಹಲಗೆಯನ್ನೆತ್ತಿ ಮೂಸಿದಳು. ಪಿನ್ನಿನ ಮೊನೆ ಬಾಗಿತೇ ಹೊರತು ಒಳಗಿಳಿಯಲಿಲ್ಲ.

"ಇದು ಚಲೋ ಐತ್ರಿ," ಎಂದಳು, ಮೂಗಿನ ಮೇಲೆ ಧೂಳು ಹೊತ್ತುಕೊಂಡು. "ನಮ್ಮಪ್ಪನ ದೋಣಿ ಹಿಂಗ ಸಪ್ಪಳ ಮಾಡತಿತ್ತು."

ಸಮಿತಿಯ ಮುಂದೆ ನಾನು 'ಕೂಲಂಕಷವಾಗಿ ಪರೀಕ್ಷಿಸಲಾಯಿತು' ಎಂದು ಕರ್ಮಣಿ ಪ್ರಯೋಗದಲ್ಲಿ ವರದಿ ಒಪ್ಪಿಸಿದೆ. ಪರೀಕ್ಷಿಸಿದವರು ಯಾರೆಂಬುದನ್ನು ಮರೆಮಾಚುವುದರಲ್ಲಿ ಈ ವ್ಯಾಕರಣ ವಿಶೇಷಕ್ಕೆ ಸಮನಾದದ್ದಿಲ್ಲ. ಬೋಟು ಕೊಂಡದ್ದಾಯಿತು, ಕಾರ್ಖಾನೆಯ ಲಾರಿಯಲ್ಲಿ ಅದು ಜಕ್ಕೂರಿಗೆ ಬಂದದ್ದೂ ಆಯಿತು. ವಾರ್ಷಿಕೋತ್ಸವಕ್ಕೆ ನಾಲ್ಕೇ ದಿನ ಉಳಿದಿತ್ತು. ಅಧ್ಯಕ್ಷರು, ಸಮಿತಿಯವರು, ಕಾರ್ಖಾನೆಯ ಮೆಕ್ಯಾನಿಕ್ಕು, ಕಮಲಾ, ಊರಿನ ಅರ್ಧ ಜನ ಕೆರೆಯ ದಂಡೆಯಲ್ಲಿ ನೆರೆದರು. ಬೋಟನ್ನು ನೀರಿಗೆ ನೂಕಿದೆವು. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನಿಲ್ಲುವ ಮೊದಲೇ ಹಲಗೆಗಳ ಸಂದುಗಳಲ್ಲೆಲ್ಲ ನೀರು ಜಿನುಗಿ, ಜಿನುಗುವುದು ಹರಿಯುವುದಾಗಿ, ನೋಡನೋಡುತ್ತಿದ್ದಂತೆ ಬೋಟು ಮೊಣಕಾಲುದ್ದದ ನೀರಿನಲ್ಲಿ ಎಮ್ಮೆಯಂತೆ ಕುಳಿತುಬಿಟ್ಟಿತು.

"ಇಂಗೆ ಮುಳುಗ್ಸಾಕೆ ಲಾರಿ ಮ್ಯಾಲೆ ತಂದ್ರಾ ಸಾಮಿ?" ಎಂದ ದಡದಲ್ಲಿದ್ದ ಒಬ್ಬ ಮುದುಕ. ನಗು ಕೆರೆಯ ಆಚೆ ದಡಕ್ಕೂ ಕೇಳಿಸಿರಬೇಕು.

ರಾಮಸ್ವಾಮಿಯವರು ನಗಲಿಲ್ಲ. "ಏನ್ರೀ ಬಸವರಾಜ್, ಇದೇನಾ ನೀವು ಪರೀಕ್ಷೆ ಮಾಡಿದ್ದು?"

ಕಮಲಾ ಮಾತ್ರ ಒಂದಿಷ್ಟೂ ಕದಲಲಿಲ್ಲ. "ಎಂಜಿನ್ ಬಿಚ್ಚಿ ದಂಡಿ ಮ್ಯಾಲ ಇಡ್ರಿ," ಎಂದಳು ಮೆಕ್ಯಾನಿಕ್ಕಿಗೆ. "ದೋಣಿ ಇಲ್ಲೇ ಇರಲಿ. ವರ್ಷಗಟ್ಟಲೆ ಒಣಗೇತಿ, ನೀರಡಿಸೇತಿ ಅದಕ. ಎರಡು ದಿನ ಹೊಟ್ಟಿತುಂಬ ನೀರು ಕುಡೀಲಿ. ಹಲಗಿ ಉಬ್ಬಿ ತಾವ ಕೂಡ್ಕೋತಾವ."

ಅಧ್ಯಕ್ಷರು ಅವಳನ್ನೂ ನನ್ನನ್ನೂ ನೋಡಿದರು. "ಮಕ್ಕಳ ಜೀವದ ಪ್ರಶ್ನೆ ಇದು. ಇವರಿಗೆ ಇದೆಲ್ಲ ಹೇಗ್ರೀ ಗೊತ್ತು?"

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು. ಹೆಂಗಸರಿಗೇನು ಗೊತ್ತು ಎಂಬಂತೆ ನಕ್ಕು, ಬೋಟನ್ನು ಮತ್ತೆ ಲಾರಿಗೆ ಹೇರಿ, ತಪ್ಪಾಯಿತೆಂದು ತಲೆ ತಗ್ಗಿಸಬಹುದಿತ್ತು. ಎಷ್ಟೋ ಜನ ನನ್ನಿಂದ ಅದನ್ನೇ ನಿರೀಕ್ಷಿಸಿದ್ದರು. ಕಮಲಾಳ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ; ಸೀರೆಯ ಅಂಚು ನೆನೆಯುತ್ತಿದ್ದರೂ ಲೆಕ್ಕಿಸದೆ, ಮುಳುಗಿದ ದೋಣಿಯ ಅಂಚಿನ ಮೇಲೆ ಕೈಯಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟುವವಳಂತೆ ನಿಂತಿದ್ದಳು.

"ನಮ್ಮ ಮಾವ ಅಂಬಿಗರು ಸರ್," ಎಂದೆ. ಧ್ವನಿ ನನಗೇ ಅಚ್ಚರಿಯಾಗುವಷ್ಟು ದೊಡ್ಡದಾಗಿ ಬಂತು. "ಕೃಷ್ಣಾ ಹೊಳೇಲಿ ಜೀವನಪೂರ್ತಿ ದೋಣಿ ನಡೆಸಿದೋರು. ಪ್ರವಾಹದಲ್ಲೂ ಜನರನ್ನ ದಾಟಿಸಿದೋರು. ಇವಳು ಅವರ ಮಗಳು. ಎರಡೂ ಬೋಟು ನೋಡಿ ಆರಿಸಿದ್ದು ಇವಳೇ, ನಾನಲ್ಲ. ಇವಳು ಎರಡು ದಿನ ಅಂದ್ರೆ ಎರಡು ದಿನ."

ನಕ್ಕಿದ್ದ ಮುದುಕನೇ ಮೊದಲು ಮಾತಾಡಿದ: "ಅಂಬಿಗರ ಮಗಳಾ? ಅಂಗಾದ್ರೆ ಬುಡಿ ಸಾಮಿ, ಆಯಮ್ಮ ಯೋಳಿದ್ದೇ ಸರಿ." ರಾಮಸ್ವಾಮಿಯವರು, "ಆಗ್ಲಿ, ನೋಡೋಣ," ಎಂದರು.

ಆ ಎರಡು ದಿನ ನಾನು ಕಚೇರಿಯಲ್ಲಿ ಏನು ಬರೆದೆನೋ ತಿಳಿಯದು. ಸಂಜೆ ಸೈಕಲ್ ತುಳಿದುಕೊಂಡು ಜಕ್ಕೂರಿಗೆ ಹೋಗಿ, ಮುಳುಗಿದ ದೋಣಿಯನ್ನು ನೋಡಿ ಬರುತ್ತಿದ್ದೆ. ಮನೆಯಲ್ಲಿ ಕಮಲಾ ನಿಶ್ಚಿಂತೆಯಿಂದ ರೊಟ್ಟಿ ಬಡಿಯುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಬಕೆಟ್ಟುಗಳಿಂದ ನೀರು ತೋಡಿ ಹೊರಹಾಕಿದೆವು. ದೋಣಿ ಮೆಲ್ಲಗೆ ಎದ್ದಿತು, ಅಲ್ಲಾಡಿತು, ತೇಲಿತು. ಅದರ ತಳವನ್ನು ಬಟ್ಟೆಯಿಂದ ಒರೆಸಿ, ಕಮಲಾ ಒಂದು ಹಾಳೆ ಸುದ್ದಿಪತ್ರಿಕೆಯನ್ನು ಹಾಸಿದಳು. ಎಂಜಿನ್ ಮತ್ತೆ ಕೂರಿಸಿದ ಮೇಲೆ ಆರು ಜನ ಹತ್ತಿ ಕುಳಿತರು. ಒಂದು ಗಂಟೆಯ ನಂತರ ರಾಮಸ್ವಾಮಿಯವರು ಆ ಹಾಳೆಯನ್ನು ತಾವೇ ಎತ್ತಿ, ತಿರುವಿ ನೋಡಿ, ಗಟ್ಟಿಯಾಗಿ ಅದರ ತಲೆಬರಹವನ್ನು ಓದಿದರು. ಒಂದಕ್ಷರವೂ ಒದ್ದೆಯಾಗಿರಲಿಲ್ಲ.

ವಾರ್ಷಿಕೋತ್ಸವದ ದಿನ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಸುತ್ತಿದರು. ಹಾರನ್ ಇಲ್ಲದ ಕೊರತೆಯನ್ನು ಅವರ ಕಂಠಗಳು ತುಂಬಿಕೊಟ್ಟವು. ಬಿಸಿಲು ಇಳಿದಾಗ ಅಧ್ಯಕ್ಷರು ಕಮಲಾಳ ಬಳಿ ಬಂದು, "ಅಮ್ಮಾ, ಕೊನೇ ರೌಂಡು ನಿಮ್ದು. ನೀವೇ ನಡೆಸಬೇಕು," ಎಂದರು. ಮೆಕ್ಯಾನಿಕ್ಕು ಎಂಜಿನ್ ನಡೆಸುವುದನ್ನು ತೋರಿಸಿಕೊಟ್ಟು ಪಕ್ಕಕ್ಕೆ ಸರಿದ. ಅವಳು ಚುಕ್ಕಾಣಿಯ ಮುಂದೆ ಕುಳಿತು ನನ್ನತ್ತ ನೋಡಿದಳು. ಇಡೀ ದಿನ ನೂರು ನೆಪ ಹೇಳಿ ದಡದಲ್ಲೇ ಉಳಿದಿದ್ದ ನನಗೆ ಆಗ ಒಂದೂ ನೆಪ ಹೊಳೆಯಲಿಲ್ಲ. ಹತ್ತಿದೆ.

ಕೆರೆಯ ನಡುವಿಗೆ ಬಂದಾಗ ಅವಳು ವೇಗ ಹೆಚ್ಚಿಸಿದಳು. ಕೂದಲು ಗಾಳಿಗೆ ಹಾರುತ್ತಿತ್ತು. ಆ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನು ದೋಣಿಯ ಎರಡೂ ಅಂಚುಗಳನ್ನು ಬೆರಳು ಬೆಳ್ಳಗಾಗುವಂತೆ ಹಿಡಿದು ಕುಳಿತಿದ್ದೆ.

"ಕೈ ಬಿಡ್ರಿ," ಎಂದಳು ಅವಳು ನಗುತ್ತ. "ದೋಣಿ ನೀವು ಹಿಡಕೊಂಡದ್ದಕ್ಕ ತೇಲಾಕತ್ತಿಲ್ಲ."

ನಾನು ಒಂದು ಕೈ ಬಿಟ್ಟೆ.